ಚಿಕ್ಕತಾಯಮ್ಮನ ಗೋವಾ ವ್ಯಾನು

ನಾನು ಹನಗೋಡಿನ ಮಗಳ ಮನೆಗೆ ಬಂದ ದಿನವೇ ಚಿಕ್ಕತಾಯಮ್ಮ ಸಿಕ್ಕಳು. ಹೆಸರು ಕೇಳುವ ಮೊದಲೇ, "ಅಕ್ಕಾ, ವ್ಯಾನಲ್ಲಿ ವಾಂತಿ ಮಾಡ್ತೀರಾ?" ಎಂದಳು. ಊರ ಹೆಂಗಸರನ್ನು ವರ್ಷಕ್ಕೊಮ್ಮೆ ಟೂರಿಗೆ ಹೊರಡಿಸುವವಳು ಅವಳೇ. ಈ ಸಲ ಹಳೇ ಗೋವಾ. ಸಂಜೆಯಾದರೆ ಜಗಲಿಯ ಮೇಲೆ ಎಲ್ಲರನ್ನೂ ವ್ಯಾನಿನ ಸೀಟಿನಂತೆ ಸಾಲಾಗಿ ಕೂರಿಸಿ ನೋಡುತ್ತಾಳೆ. ಗೊರಕೆಯವರು ಹಿಂದೆ, ಮಾತು ಬಿಟ್ಟ ಅತ್ತೆ ಸೊಸೆಗೆ ಒಂದೇ ಸೀಟು. "ಪೋರ್ಚುಗೀಸರು ಕಟ್ಸಿದ ಚರ್ಚು ಕಣ್ರವ್ವಾ, ನಮ್ ಕೆರೆ ಏರಿಗಿಂತ ಉದ್ದ," ಎಂದು ತಾನೇ ಅಳೆದು ಬಂದವಳಂತೆ ಹೇಳುತ್ತಾಳೆ. ಆದರೆ ವಾಂತಿಯ ಕಾಟ ಎಲ್ಲರಿಗಿಂತ ಅವಳಿಗೇ ಹೆಚ್ಚು. ಹೋದ ವರ್ಷ ಮಲ್ಪೆಯಲ್ಲಿ ಎಲ್ಲರೂ ನೀರಿಗಿಳಿದಾಗ ಇವಳು ಮಾತ್ರೆ ನುಂಗಿ ವ್ಯಾನಿನಲ್ಲೇ ನಿದ್ದೆಹೋಗಿದ್ದಳು. "ಪಾಪ, ಮಲಗ್ಲಿ ಬುಡು" ಎಂದು ಯಾರೂ ಎಬ್ಬಿಸಲಿಲ್ಲವಂತೆ. ನಿನ್ನೆ ಜಗಲಿಯಲ್ಲಿ ನನ್ನನ್ನು ಕಿಟಕಿಯ ಜಾಗಕ್ಕೆ ಕೂರಿಸಿ, ತಾನು ಪಕ್ಕಕ್ಕೆ ಒತ್ತಿ ಕೂತು, ಮೆಲ್ಲಗೆ ಕೇಳಿದಳು: "ಅಕ್ಕಾ, ಸಮುದ್ರ ಬಂದಾಗ ನನ್ನ ಎಬ್ಬುಸ್ತೀರಾ?"