ಜೈಂಟ್ ವೀಲಿಗೆ ಕಟ್ಟಿದ ಹಾರ

ನನ್ನ ಕೋಪ ಇನ್ನೂ ಇಳಿದಿಲ್ಲ. ಯಳಂದೂರಿನ ಆ ಕಲ್ಯಾಣ ಮಂಟಪದ ಮುಂದೆ ಬಸ್ಸು ಹಾದುಹೋಗುವಾಗ ಈಗಲೂ ಮುಖ ಇನ್ನೊಂದು ಕಡೆಗೆ ತಿರುಗಿಸಿಕೊಳ್ಳುತ್ತೇನೆ.

ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೆ ಕೊಳ್ಳೇಗಾಲದ ಮನೆಯಲ್ಲಿ ಒಬ್ಬಳೇ ಇದ್ದರೂ ಐದಕ್ಕೆ ಏಳುವುದು, ಏಳಕ್ಕೆ ತಿಂಡಿ, ಎಂಟಕ್ಕೆ ಪೇಪರ್, ಯಾವುದೂ ತಪ್ಪಿದ್ದಿಲ್ಲ. ನನ್ನ ತಮ್ಮನಿಗೆ ಹನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹೊಲಗಳಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಅವನ ಬಳಿಗೇ ಬರುತ್ತಿದ್ದವು. ಒಂದು ಬೆಳಿಗ್ಗೆ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದವನು ಹಾಗೆಯೇ ಪಕ್ಕಕ್ಕೆ ಕುಸಿದ. ಲಕ್ವ. ಮಾತು, ನಡಿಗೆ ಬೇಗ ಮರಳಿದವು. ಬಲಗೈ ಮಾತ್ರ ಮರಳಲಿಲ್ಲ. ಅಂಗಡಿಗೆ ಬೀಗ ಹಾಕಿಸಿ ಅವನನ್ನು ನನ್ನ ಮನೆಗೆ ಕರೆತಂದೆ.

ಕೈಗೆ ವ್ಯಾಯಾಮವಾಗಲೆಂದು ರಬ್ಬರ್ ಚೆಂಡು ಕೊಟ್ಟರೆ ಎಸೆದ. ಕಾಳು ಆರಿಸಲು ಕೊಟ್ಟರೆ ಮೊರವನ್ನೇ ದೂಡಿದ. ಪಕ್ಕದ ಮನೆಯವರು ಅಟ್ಟ ತೆರವು ಮಾಡುವಾಗ, ಮಕ್ಕಳು ದೊಡ್ಡವರಾಗಿ ಬಿಟ್ಟುಹೋದ ಪ್ಲಾಸ್ಟಿಕ್ ಬ್ಲಾಕ್ಸ್‌ಗಳ ದೊಡ್ಡ ಬಕೆಟ್ಟೊಂದನ್ನು ನನಗೆ ಕೊಟ್ಟರು. ಒಂದರ ಮೇಲೊಂದು ಒತ್ತಿ ಕೂರಿಸುವ ಪುಟ್ಟ ಇಟ್ಟಿಗೆಗಳು. ಹೆಬ್ಬೆರಳು, ತೋರುಬೆರಳು ಎರಡೂ ಸರಿಯಾಗಿ ಒತ್ತಿದರೆ ಮಾತ್ರ ಕೂರುತ್ತವೆ. ಮೊದಲ ದಿನ ತಮ್ಮ ಮೂರು ಇಟ್ಟಿಗೆ ಕೂರಿಸಿದ. ಒಂದು ತಿಂಗಳಿಗೆ ಗೋಡೆ ಎದ್ದಿತು.

“ಇದು ಟಿಕೆಟ್ ಕೌಂಟ್ರು ಕಣಕ್ಕ. ಇದ್ರ ಪಕ್ಕ ಒಂದ್ ಜೈಂಟ್ ವೀಲ್ ನಿಲ್ಲುಸ್ಬುಡಾನ,” ಎಂದ. ಹದಿಹರೆಯದಲ್ಲಿ ಅವನು ಊರೂರು ಸುತ್ತುವ ಎಕ್ಸಿಬಿಷನ್ ಒಂದರ ಜೊತೆ ಎರಡು ವರ್ಷ ಲೈಟಿನ ಕೆಲಸಕ್ಕೆ ಹೋಗಿದ್ದವನು.

ಹಾಗೆ ಶುರುವಾದದ್ದು ಒಂದೂವರೆ ವರ್ಷ ನಡೆಯಿತು. ಬಣ್ಣಬಣ್ಣದ ಇಟ್ಟಿಗೆಗಳನ್ನು ನಾನು ಹಳೆಯ ಹಾರ್ಲಿಕ್ಸ್ ಬಾಟಲಿಗಳಲ್ಲಿ ವಿಂಗಡಿಸಿಟ್ಟೆ. ಸಾಲದ್ದನ್ನು ಮೈಸೂರಿನಿಂದ ತರಿಸಿದೆ. ಕೊನೆಗೆ ಎರಡು ಮಂಚ ಜೋಡಿಸಿದಷ್ಟು ಅಗಲದ ಎಕ್ಸಿಬಿಷನ್ ಮೈದಾನವಾಯಿತು: ತೂಗಾಡುವ ಕೊಲಂಬಸ್ ಹಡಗು, ಕುದುರೆಗಳ ಸುತ್ತು, ಮೆಣಸಿನಕಾಯಿ ಬಜ್ಜಿ ಅಂಗಡಿ, ನಡುವೆ ನನ್ನ ಎದೆಯೆತ್ತರದ ಜೈಂಟ್ ವೀಲು, ಅದಕ್ಕೆ ಹದಿನಾರು ತೊಟ್ಟಿಲು. ವೀಲು ತಿರುಗಿಸಲು ಹಳೆಯ ಟೇಬಲ್ ಫ್ಯಾನಿನ ಮೋಟಾರಿಗೆ ತಮ್ಮ ಹೊಸದಾಗಿ ತಂತಿ ಸುತ್ತಿದ. ಬಲಗೈಯಿಂದಲೇ.

ಯಳಂದೂರಿನ ಕಲ್ಯಾಣ ಮಂಟಪದಲ್ಲಿ ಒಂದು ಸಮಿತಿಯವರು ಮೂರು ದಿನದ ಹವ್ಯಾಸ ಪ್ರದರ್ಶನ ಇಟ್ಟಿದ್ದರು. ನಾವೂ ಹೆಸರು ಕೊಟ್ಟೆವು. ತಮ್ಮನಿಗೆ ಬಹುಮಾನದ ಆಸೆ ಇರಲಿಲ್ಲ. “ಜನ ಕಣ್ಣಾರೆ ನನ್ ಕೈ ನೋಡ್ಬೇಕು. ಇಲ್ದಿದ್ರೆ ಅಂಗ್ಡಿ ತೆಗುದ್ರೂ ಯಾರ್ ಮೋಟ್ರು ತಂದಾರು?” ಎಂದಿದ್ದ. ಉದ್ಘಾಟನೆಯಲ್ಲಿ ವೀಲಿನ ಸ್ವಿಚ್ಚನ್ನು ಅವನೇ ಒತ್ತುವುದೆಂದು ಸಮಿತಿಯವರ ಬಳಿ ಮೊದಲೇ ಮಾತಾಡಿದ್ದೆ.

ಉದ್ಘಾಟನೆ ಹತ್ತಕ್ಕೆ. ಎಂಟಕ್ಕೇ ಜೋಡಿಸಿ ಮುಗಿಸಿದ್ದೆವು. ಹನ್ನೊಂದಾದರೂ ಅತಿಥಿಗಳ ಸುಳಿವಿಲ್ಲ. ಸುಮ್ಮನಿರಲಾರದ ಸಮಿತಿಯ ಕಾರ್ಯದರ್ಶಿ ಮೇಡಂ ಅರಿಶಿನ ಕುಂಕುಮದ ತಟ್ಟೆ, ಒಂದು ಮಾರು ಸೇವಂತಿಗೆ ಹಿಡಿದು ಬಂದರು.

“ಮಿಷನ್ನು ಅಂದ್ಮೇಲೆ ಪೂಜೆ ಮಾಡ್ದೆ ಸುರು ಮಾಡ್ತಾರಾ ಸಿಸ್ಟರ್?”

ಹೊಸ ಟ್ರ್ಯಾಕ್ಟರು, ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ, ಯಾವುದೂ ಹೂವು ಮುಡಿಯದೆ ಚಾಲೂ ಆದದ್ದನ್ನು ನಾನೂ ಕಂಡಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ. ಆಕೆ ವೀಲಿನ ನಟ್ಟನಡುವಿನ ಗುಂಬಕ್ಕೇ ಹಾರ ಸುತ್ತಿ ಕಟ್ಟಿದರು.

“ಅಕ್ಕ, ದಾರ ಒಳ್ಗಿನ್ ಗೇರಿಗೆ ಸಿಕ್ಕಾಕತದೆ. ತೆಗ್ಸು,” ಎಂದ ತಮ್ಮ.

“ದೇವರ ಹೂವು ಕಣೋ. ಅತಿಥಿಗಳು ಬರಲಿ, ಆಮೇಲೆ ತೆಗೆದರಾಯಿತು,” ಎಂದೆ. ಆಪರೇಷನ್ ಥಿಯೇಟರಿನೊಳಗೆ ಯಾರನ್ನೂ ಹೂವು ಮುಡಿದು ಬರಲು ಬಿಡದವಳು ನಾನು! ಅಂದು ಮಾತ್ರ ಬಿಟ್ಟೆ.

ಅತಿಥಿಗಳು ಬಂದದ್ದು ಒಂದೂ ಕಾಲಿಗೆ. ಮುಖ್ಯ ಅತಿಥಿ ಬಂದವರೇ ಫೋಟೊಗ್ರಾಫರನ ಕಡೆ ಮುಖ ಮಾಡಿ, ನಾನು ಹಾರಕ್ಕೆ ಕೈ ಹಾಕುವಷ್ಟರಲ್ಲಿ, ತಾವೇ ಸ್ವಿಚ್ ಒತ್ತಿಬಿಟ್ಟರು. ವೀಲು ಒಂದೂವರೆ ಸುತ್ತು ತಿರುಗಿತು. ಗೇರಿನ ಹಲ್ಲಿನ ಚಕ್ರಗಳು ದಾರವನ್ನು ಒಳಗೆಳೆದುಕೊಂಡವು. ನಾಲ್ಕು ತೊಟ್ಟಿಲು ಕಳಚಿ ಬಜ್ಜಿ ಅಂಗಡಿಯ ಮೇಲೆ ಬಿದ್ದವು. ಮೋಟಾರು ಗುಂಯ್ ಎಂದು ಕಾಯತೊಡಗಿದಾಗ ಓಡಿಹೋಗಿ ಪ್ಲಗ್ ಕಿತ್ತೆ.

ಕಾರ್ಯದರ್ಶಿ ಮೈಕ್ ಹಿಡಿದು, “ಪಾಪ, ಲಕ್ವ ಹೊಡೆದ ಕೈಯಲ್ಲಿ ಇಷ್ಟು ಮಾಡಿರೋದೇ ಹೆಚ್ಚು. ಎಲ್ಲರೂ ಒಂದು ಚಪ್ಪಾಳೆ ಕೊಡೋಣ,” ಎಂದರು. ಜನ ತಟ್ಟಿದರು. ತಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

“ಕೈಯಲ್ಲ ಕಣ್ರಿ ಕೆಟ್ಟದ್ದು, ನಿಮ್ಮ ಹಾರ!” ಎಂದು ಕೂಗಿದೆ. ಆಗಲೇ ಎಲ್ಲರೂ ಊಟದ ಹಾಲ್ ಕಡೆಗೆ ನಡೆದಿದ್ದರು.

ನಾನು ಸಿಟ್ಟಿನಿಂದ ಡಬ್ಬಗಳನ್ನು ಎಳೆದುಕೊಂಡು ತುಂಬತೊಡಗಿದೆ. “ಏಳು, ಗೂಡ್ಸ್ ಆಟೋ ಕರೆಸುತ್ತೇನೆ. ಇನ್ನು ಒಂದು ನಿಮಿಷವೂ ಇಲ್ಲಿ ಬೇಡ.”

“ನಿಂಗೆ ಕ್ವಾಪ ಬಂದಿದ್ರೆ ಆಚೆಗೋಗಿ ಮಜ್ಜಿಗೆ ಕುಡ್ದು ಬಾ. ನಂಗೆ ರಿಪೇರಿ ಕೆಲ್ಸ ಬಂದದೆ. ಚಿಮ್ಟ ಕೊಡು.”

ಕೊಟ್ಟೆ. ಅವನು ಕುರ್ಚಿ ಎಳೆದುಕೊಂಡು ಬಲಗೈಯಲ್ಲಿ ಚಿಮಟ ಹಿಡಿದು ದಾರವನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಹೋದ. ಕೈ ನಡುಗಿದರೆ ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಹಿಡಿಯುತ್ತಿದ್ದ. ಊಟ ಮುಗಿಸಿ ಬಂದವರು ಸುತ್ತ ನಿಂತರು. ಹನೂರಿನ ಹತ್ತಿರದ ಶಾಗ್ಯದ ರೈತನೊಬ್ಬ, ತಮ್ಮನ ಹಳೆಯ ಗಿರಾಕಿ, ಬಗ್ಗಿ ನೋಡಿದ.

“ಏನಣ್ಣೋ, ಕೈ ಓಗ್ಬುಡ್ತು ಅಂತಿದ್ರು?”

“ಯಾವನ್ಲಾ ಅಂದೋನು?”

“ಊರೋರೆಲ್ಲ ಅಂದ್ರು.”

“ಊರೋರ್ಗೆ ಬಾಯಿ ಒಂದ್ ಸುಟ್ಟೋಗಲ್ಲ ನೋಡು. ಸುಟ್ಟಿದ್ರೆ ನನ್ತಾವ್ಕೇ ತರ್ಬೇಕಾಗಿತ್ತು.”

ಸುತ್ತಲಿದ್ದವರು ನಕ್ಕರು. ನಾಲ್ಕು ಗಂಟೆಗೆ ದಾರವೆಲ್ಲ ಈಚೆ ಬಂತು. ತಮ್ಮನೇ ಬಲಗೈಯ ತೋರುಬೆರಳಿನಿಂದ ಸ್ವಿಚ್ ಒತ್ತಿದ. ಹನ್ನೆರಡು ತೊಟ್ಟಿಲುಗಳ ವೀಲು ನಿಧಾನವಾಗಿ ತಿರುಗಿತು. ರೈತ ವೀಲು ನೋಡದೆ ಆ ಬೆರಳನ್ನೇ ನೋಡುತ್ತಿದ್ದ.

ಮೈಕಿನಲ್ಲಿ ಹೇಳಿದ್ದನ್ನು ಮೈಕಿನಲ್ಲೇ ತಿದ್ದಿ ಎಂದು ಕಾರ್ಯದರ್ಶಿಗೆ ಹೇಳಿದೆ. “ಆಯ್ತು ಸಿಸ್ಟರ್,” ಎಂದರು. ಎರಡನೆಯ ದಿನವೂ ಹೇಳಿದೆ. “ಆಯ್ತು ಸಿಸ್ಟರ್.” ಮೂರನೆಯ ದಿನ ಸಮಾರೋಪದಲ್ಲಿ ಆಕೆ ಸನ್ಮಾನದ ಶಾಲು ಹುಡುಕುತ್ತಿದ್ದಾಗ ನಾನೇ ವೇದಿಕೆ ಹತ್ತಿ ಮೈಕ್ ತೆಗೆದುಕೊಂಡೆ.

“ಜೈಂಟ್ ವೀಲು ನಿಂತದ್ದು ಹಾರದ ದಾರದಿಂದ. ಕಟ್ಟಿದವರು ಸಮಿತಿಯವರು, ಕಟ್ಟಲು ಬಿಟ್ಟವಳು ನಾನು, ಬಿಡಿಸಿದವನು ನನ್ನ ತಮ್ಮ. ಅವನ ಕೈಯಲ್ಲಿ ಯಾವ ದೋಷವೂ ಇಲ್ಲ. ಸೋಮವಾರದಿಂದ ಹನೂರಿನಲ್ಲಿ ಅವನ ಮೋಟಾರ್ ಅಂಗಡಿ ತೆರೆದಿರುತ್ತದೆ.”

ಕಾರ್ಯದರ್ಶಿಯ ಮುಖ ಕೆಂಪಾಗಿತ್ತು. ಆಗಲಿ ಎಂದುಕೊಂಡೆ. ಮೆಟ್ಟಿಲಿಳಿಯುವಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: “ಅನೂರಲ್ಲಿ ಎಲ್ ಬತ್ತದವ್ವ ಅಂಗ್ಡಿ? ನಮ್ದು ಐದ್ ಎಚ್‌ಪಿ ಮೋಟ್ರು ಸುಟ್ಟು ಮೂಲೇಲಿ ಬಿದ್ದದೆ.”

“ಅವನನ್ನೇ ಕೇಳಿ, ಅಲ್ಲಿ ಕೂತಿದ್ದಾನೆ,” ಎಂದು ತೋರಿಸಿದೆ.