ನನ್ನ ಕಸೂತಿ ಮೆಷಿನಿನ ವಿಮೆ

ನಂಬಿಸಿ ಕುತ್ತಿಗೆ ಕೊಯ್ಯುವುದು ಎಂಬ ಮಾತನ್ನು ನಾನೂ ಬೇಕಾದಷ್ಟು ಸಲ ಆಡಿದ್ದೆ. ಅದು ಎಷ್ಟು ನೋಯುತ್ತದೆ ಎಂದು ಗೊತ್ತಾದದ್ದು ನನ್ನ ಕಸೂತಿ ಮೆಷಿನು ಹಡಗಿನಲ್ಲಿ ಊರಿಗೆ ಬಂದ ಮೇಲೆ.

ದುಬೈಯಲ್ಲಿ ಇನ್ನೊಬ್ಬರ ಟೈಲರ್ ಅಂಗಡಿಯಲ್ಲಿ ದುಡಿದು, ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಮೆಷಿನು ಅದು. ಚಿತ್ರ ತುಂಬಿಸಿಟ್ಟರೆ ಸಾಕು, ತಾನೇ ಕಸೂತಿ ಹಾಕುತ್ತಿತ್ತು. ಊರಿಗೆ ಮರಳಿ ಹೊಸಂಗಡಿ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಮದುಮಗಳ ರವಿಕೆಗಳ ಕೆಲಸ ಮಾಡಬೇಕು, ಇನ್ನು ಯಾರ ಕೈಕೆಳಗೂ ದುಡಿಯಬಾರದು ಎಂದು ನಿಶ್ಚಯಿಸಿದ್ದೆ. ಕೋಣೆಗೆ ಅಡ್ವಾನ್ಸೂ ಕೊಟ್ಟಾಗಿತ್ತು.

ಅಲ್ಲಿಂದ ಸಾಮಾನು ಕಳಿಸುವ ಕಾರ್ಗೋದವನು ನಮ್ಮ ಕಡೆಯವನೇ, ವರ್ಕಾಡಿಯವನು. ರಜೆಯ ದಿನ ನನ್ನ ಕೋಣೆಗೇ ಊಟಕ್ಕೆ ಬರುತ್ತಿದ್ದ. ಬಂಗುಡೆ ಮೀನಿನ ಹುಳಿ-ಖಾರದ ಪುಳಿಮುಂಚಿ ಮಾಡಿದರೆ ತಟ್ಟೆ ತೊಳೆಯುವುದೇ ಬೇಡ, ಹಾಗೆ ತಿನ್ನುತ್ತಿದ್ದ. ಬಾಯ್ತುಂಬ "ಅಕ್ಕಾ" ಎನ್ನುತ್ತಿದ್ದ.

"ಮೆಷಿನಿಗೆ ಇನ್ಶೂರೆನ್ಸ್ ಮಾಡಿಸ್ಬೇಕಲ್ಲ ಮಾರಾಯ?" ಎಂದು ನಾನೇ ಕೇಳಿದ್ದೆ.

"ಸುಮ್ಮನೆ ಖರ್ಚು ಎಂತಕ್ಕೆ ಅಕ್ಕಾ? ಎಂತಾದ್ರೂ ಆದ್ರೆ ನಾನಿಲ್ವಾ?" ಎಂದ. ಅಷ್ಟು ಸಾಕಾಯಿತು ನನಗೆ.

ನಾನು ಊರಿಗೆ ಬಂದ ಮೇಲೆ ಅವನ ತಮ್ಮ ಪಿಕಪ್ಪಿನಲ್ಲಿ ಮೆಷಿನಿನ ಪೆಟ್ಟಿಗೆ ತಂದು ಮನೆಯ ಚಾವಡಿಯಲ್ಲಿ ಇಳಿಸಿದ. "ಬಿಚ್ಚಿ ನೋಡುವುದಾ?" ಎಂದ ನನ್ನ ತಂಗಿಯನ್ನು ಕಣ್ಣಿನಲ್ಲೇ ಗದರಿಸಿದೆ. ತಂದುಕೊಟ್ಟವರ ಎದುರಿಗೇ ಕಟ್ಟು ಬಿಚ್ಚಿ ನೋಡುವುದೆಂದರೆ ಅವರನ್ನು ಕಳ್ಳರೆಂದ ಹಾಗೆ. ನಮ್ಮಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹುಡುಗನಿಗೆ ಚಾ ಕೊಟ್ಟು, ಅವನು ಹಿಡಿದ ಮೊಬೈಲಿನಲ್ಲಿ ಬೆರಳಿನಿಂದ ಸಹಿ ಗೀಚಿದೆ. 'ಸಾಮಾನು ಸುಸ್ಥಿತಿಯಲ್ಲಿ ತಲುಪಿದೆ' ಎಂಬುದಕ್ಕೆ ಆ ಸಹಿ ಎಂದು ಆಮೇಲೆ ತಿಳಿಯಿತು.

ಅವನು ಹೋದ ಮೇಲೆ ಬಿಚ್ಚಿದೆವು. ಸೂಜಿಗಳಿದ್ದ ತಲೆಭಾಗ ಮುರಿದು ಪಕ್ಕಕ್ಕೆ ವಾಲಿತ್ತು. ನಾನು ನೆಲದಲ್ಲಿ ಕೂತು ಗಟ್ಟಿಯಾಗಿ ಅತ್ತೆ.

ಫೋನ್ ಮಾಡಿದರೆ ಕಾರ್ಗೋದವನ ದನಿಯೇ ಬದಲಾಗಿತ್ತು. "ನೋಡಿ ಅಕ್ಕಾ, ಸರಿ ಉಂಟು ಅಂತ ನೀವೇ ಸೈನ್ ಹಾಕಿದ್ದೀರಿ. ಇನ್ಶೂರೆನ್ಸೂ ಇಲ್ಲ. ಈಗ ನಾನು ಎಂತ ಮಾಡುವುದು?"

"ಬೇಡ ಅಂದದ್ದು ಯಾರು? ನೀನೇ ಅಲ್ವಾ?"

ಫೋನ್ ಕಟ್ಟಾಯಿತು. ಮತ್ತೆ ಎಷ್ಟು ಸಲ ಮಾಡಿದರೂ ಅವನು ಎತ್ತಲಿಲ್ಲ. ಮಂಗಳೂರಿನಿಂದ ಬಂದ ಮೆಕ್ಯಾನಿಕ್ ನೋಡಿ ಕೈಚೆಲ್ಲಿದ. ಹೊಸಂಗಡಿಯ ಕೋಣೆ ಬಿಟ್ಟುಕೊಟ್ಟೆ. ಪುನಃ ಇನ್ನೊಬ್ಬರ ಅಂಗಡಿಯಲ್ಲಿ ನೈಟಿ ಹೊಲಿಯಲು ಕೂತೆ. ಇದಕ್ಕೆ ದುಬೈ ಬಿಟ್ಟು ಬರಬೇಕಿತ್ತಾ ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಕಾರ್ಗೋದವನ ಹೆಂಡತಿ ನಗುನಗುತ್ತಾ ಮನೆಗೆ ಬಂದಳು. ಅವಳು ಊರಿನಲ್ಲೇ ಇರುವವಳು. "ಮನೆಗೆ ಮಾಳಿಗೆ ಎಬ್ಬಿಸಿದ್ದೇವೆ ಅಕ್ಕಾ, ಪ್ರವೇಶಕ್ಕೆ ಬರ್ಬೇಕು ಆಯ್ತಾ. ನನ್ನ ರವಿಕೆಗೆ ನಿಮ್ಮ ಮೆಷಿನಿನಲ್ಲೇ ಕಸೂತಿ ಆಗ್ಬೇಕು" ಎಂದು ಬಟ್ಟೆ ಕೊಟ್ಟಳು.

ನಾನು ಮೆಷಿನಿಗೆ ಹೊದೆಸಿದ್ದ ಹಳೆಯ ಸೀರೆಯನ್ನು ಸರಿಸಿದೆ.

"ಅಯ್ಯೋ, ಹೊಸದು ತೆಗೀಲಿಲ್ವಾ? ಬಂದರಿನಲ್ಲಿ ಕಂಟೇನರ್ ಬಿದ್ದದ್ದಕ್ಕೆ ಇನ್ಶೂರೆನ್ಸ್ ಸಿಕ್ಕಿತಲ್ಲ!"

"ಯಾರಿಗೆ ಸಿಕ್ಕಿದ್ದು?"

"ಇವರಿಗೇ. ಇಡೀ ಕಂಟೇನರಿಗೆ ಇವರೇ ಮಾಡಿಸಿದ್ದಲ್ವಾ. ನಿಮ್ಮದನ್ನು ನಿಮಗೆ ಕೊಡ್ಲಿಲ್ವಾ?"

ಆಗ ಎಲ್ಲ ತಿಳಿಯಿತು. ಅವನು ಮುರಿದಿದೆ ಎಂದು ಗೊತ್ತಿದ್ದೇ ಪೆಟ್ಟಿಗೆ ಕಳಿಸಿದ್ದ, ಗೊತ್ತಿದ್ದೇ ಸಹಿ ಹಾಕಿಸಿಕೊಂಡಿದ್ದ, ನನ್ನ ಮೆಷಿನಿಗೆ ಬಂದದ್ದನ್ನು ಸದ್ದಿಲ್ಲದೆ ನುಂಗಿದ್ದ. ಮನೆಹಾಳ! ನನ್ನ ಕೈಯ ಅನ್ನ ಉಂಡವನು! ಎದುರಿಗಿದ್ದ ಹೆಣ್ಣಿನದು ಏನೂ ತಪ್ಪಿರಲಿಲ್ಲ, ಅದು ನನಗೆ ಕಾಣುತ್ತಿತ್ತು. ಆದರೂ ತಡೆಯಲಾಗಲಿಲ್ಲ. ರವಿಕೆ ಬಟ್ಟೆಯನ್ನು ಅವಳ ಕೈಗೇ ತುರುಕಿದೆ.

"ನಾನು ಎಂತದ್ರಲ್ಲಿ ಹೊಲಿಯುವುದು ಮಾರಾಯ್ತಿ? ನನ್ನ ಮೆಷಿನು ನಿಮ್ಮ ಮಾಳಿಗೆಯಲ್ಲಿ ಉಂಟು."