ಮೊಳೆಗೆ ಹಾಕಿದ ಬೀಗದ ಕೈ

ಜೂನ್ ತಿಂಗಳು ಬಂತೆಂದರೆ ನನಗೆ ತಲೆನೋವು ಶುರು. ಹಳೇಬೀಡಿನ ಪಕ್ಕದ ಸರ್ಕಾರಿ ಶಾಲೆಯಲ್ಲಿ ನಾನು ಎಲ್‌ಕೆಜಿಗೆ ಅತಿಥಿ ಶಿಕ್ಷಕಿ. ಬೇಲೂರಿನಿಂದ ದಿನಾ ಸ್ಕೂಟಿಯಲ್ಲಿ ಬರುತ್ತೇನೆ. ಗೇಟು ದಾಟುವ ಹೊತ್ತಿಗೆ ಇಪ್ಪತ್ತೆರಡು ಮಕ್ಕಳು ಒಟ್ಟಿಗೆ ಬಾಯಿ ತೆಗೆದಿರುತ್ತವೆ. ತರಬೇತಿಯಲ್ಲಿ ನಮ್ಮ ಕೈಗೆ ಬಣ್ಣದ ಚೆಂಡು ಕೊಟ್ಟು, ಚಪ್ಪಾಳೆ ಹೊಡೆಸಿ, ಮಗುವಿನ ಮನಸ್ಸನ್ನು ಅರಿಯಿರಿ ಎಂದಿದ್ದರು. ಅದೇ ಮಗು ನನ್ನ ಕೈ ಕಚ್ಚಿ ಗೇಟಿನ ಕಡೆ ಓಡುವಾಗ ಏನನ್ನು ಅರಿಯಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ನನ್ನ ಉಪಾಯ ಎಲ್ಲರ ಉಪಾಯವೇ. ‘ಅಗೋ, ಅಮ್ಮ ಬಂದೇಬಿಟ್ಟಳು’ ಅನ್ನುವುದು. ‘ಚಾಕೊಲೇಟು ತರೋಕೆ ಹೋಗಿದಾಳೆ’ ಅನ್ನುವುದು. ಮಗು ಆಟದ ಸಾಮಾನಿನತ್ತ ತಿರುಗಿದ ತಕ್ಷಣ ಅಮ್ಮನಿಗೆ ಕಣ್ಸನ್ನೆ ಮಾಡಿ ಸಾಗಹಾಕುವುದು. ಇದನ್ನು ಕಂಡರೆ ನಮ್ಮ ಆಯಾ ಸಣ್ಣತಾಯಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಣ್ಣತಾಯಮ್ಮ ಬಸ್ತಿಹಳ್ಳಿಯವಳು. ಐವತ್ತೆಂಟು ದಾಟಿದೆ. ಆಳು ಕುಳ್ಳಗಿದ್ದರೂ ದನಿ ಹೆಡ್‌ಮಾಸ್ಟರಿಗಿಂತ ಜೋರು. ಆಕೆಯದು ಒಂದೇ ಹಟ. ಬಿಟ್ಟುಹೋಗುವವರು ಮಗುವಿನ ಮುಖ ನೋಡಿ, ಹೇಳಿಯೇ ಹೋಗಬೇಕು. ಅದು ಎಷ್ಟಾದರೂ ಅಳಲಿ. ಜೊತೆಗೆ ತಮಗೆ ಬೇಕೇ ಬೇಕಾದ ಒಂದು ವಸ್ತುವನ್ನು ಮಗುವಿನ ಕೈಗೆ ಕೊಟ್ಟು ಹೋಗಬೇಕು. ಮಗು ಅದನ್ನು ಕಿಟಕಿ ಪಕ್ಕದ ಮೊಳೆಗೆ ತಾನೇ ನೇತುಹಾಕುತ್ತದೆ, ಮಧ್ಯಾಹ್ನ ಬೆಲ್ ಹೊಡೆದಾಗ ತಾನೇ ತೆಗೆದು ವಾಪಸು ಕೊಡುತ್ತದೆ. ಹೀಗಾಗಿ ನಮ್ಮ ಗೋಡೆಯ ಮೇಲೆ ಒಂದು ಹೆಲ್ಮೆಟ್ಟು, ಯಾರದೋ ಕನ್ನಡಕ, ಆರೇಳು ಒಂಟಿ ಚಪ್ಪಲಿ. ಅಮ್ಮಂದಿರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಹೋಗುವುದನ್ನು ಬಸ್‌ಸ್ಟ್ಯಾಂಡಿನವರೆಲ್ಲ ನಿಂತು ನೋಡುತ್ತಿದ್ದರು.

“ಏನಮ್ಮ ನಯನಾ, ಇದು ಕ್ಲಾಸೋ, ಚಪ್ಪಲಿ ಅಂಗಡಿಯೋ? ಸಾಹೇಬರು ಬಂದ್ರೆ ನಾನೇನು ಹೇಳ್ಲಿ?” ಎಂದು ಹೆಡ್‌ಮಾಸ್ಟರ್ ಷಡಕ್ಷರಪ್ಪನವರು ನನ್ನನ್ನು ಕರೆದು ಬೈದರು. ಬೈಸಿಕೊಂಡು ಬಂದರೆ ಸಣ್ಣತಾಯಮ್ಮ ಇನ್ನೊಂದು ಮೊಳೆ ಹೊಡೆಯುತ್ತಿದ್ದಳು.

“ಒಂದು ಸಣ್ಣ ಸುಳ್ಳು ಹೇಳಿದ್ರೆ ಮುಗೀತಲ್ರೀ ಸಣ್ಣತಾಯಮ್ಮ,” ಅಂದೆ, ಸಿಟ್ಟಿನಲ್ಲೇ.

“ನಾನೂ ಹೇಳಿದ್ದೆ ಮಿಸ್ಸೇ,” ಅಂದಳು. “ಯಜಮಾನ ಹೋದ್ಮೇಲೆ ಬಿಕ್ಕೋಡು ಕಡೆ ತೋಟದ ಕೂಲಿಗೆ ಹೋಗ್ತಿದ್ದೆ. ಮಗ ಕಿರಣನ್ನ ಆರು ವರ್ಷಕ್ಕೇ ಬೇಲೂರು ಹಾಸ್ಟೆಲ್ಲಿಗೆ ಬಿಟ್ಟೆ. ಇರು, ಬಿಸ್ಕತ್ತು ತತ್ತೀನಿ ಅಂದೋಳು ಬಸ್ ಹತ್ತಿಬಿಟ್ಟೆ. ಹದಿನೈದು ದಿನ ಬಿಟ್ಟು ಹೋದ್ರೆ, ಬಿಸ್ಕತ್ತು ಎಲ್ಲವ್ವ ಅಂತಾನೂ ಕೇಳ್ಲಿಲ್ಲ ಅವನು. ಸುಮ್ನೆ ಕೂತಿದ್ದ. ಈಗ ಅವನಿಗೆ ಮೂವತ್ತು ಆಗೈತೆ. ಅಂಗಡಿಗೆ ಹೋಗ್ಬತ್ತೀನಿ ಅಂದ್ರೂ ಬಾಗಿಲಿಗೆ ಬಂದು ನಿಂತ್ಕೊಂಡು ನೋಡ್ತಾನೆ.” ಸುತ್ತಿಗೆ ಕೆಳಗಿಟ್ಟು ಮುಂದುವರಿಸಿದಳು. “ಈ ಮೊಳೆ ಮೇಲೆ ಒಂದು ಸುಳ್ಳು ಬಂತು ಅಂದ್ರೆ ಎಲ್ಲಾ ಮೊಳೆನೂ ಸುಳ್ಳೇ. ಆಮೇಲೆ ಯಾವ ಮಗೂನೂ ನನ್ ಮಾತು ನಂಬಲ್ಲ.”

ನನಗೆ ಪಾಪ ಅನ್ನಿಸಿತು. ಆದರೂ ಆ ಗೋಡೆ ಕಂಡರೆ ರೇಗುವುದು ತಪ್ಪಲಿಲ್ಲ.

ಆ ವರ್ಷ ಎಲ್ಲರಿಗಿಂತ ಹೆಚ್ಚು ಅತ್ತವಳು ಸಿದ್ಧಿ. ಅಪ್ಪ ಅಮ್ಮ ಇಬ್ಬರಿಗೂ ಹಾಸನದಲ್ಲಿ ಕೆಲಸ, ಬೆಳಗ್ಗೆ ಏಳಕ್ಕೇ ಬಸ್ಸು. ಶಾಲೆಗೆ ಕರೆತರುವವರು ಅಜ್ಜಿ ರತ್ನಪ್ರಭಾ. ಅಜ್ಜಿ ಒಂದು ಚಪ್ಪಲಿ ಕೊಟ್ಟರು. ಸಿದ್ಧಿ ಅದನ್ನು ಅಂಗಳಕ್ಕೆ ಎಸೆದು, “ಅಜ್ಜಿಗೆ ಚಪ್ಪಲಿ ಬೇಡ!” ಎಂದು ಕಿರುಚಿದಳು. ಸರಿಯೇ ಇತ್ತು. ರತ್ನಪ್ರಭಾ ದಿನಾ ಬಸದಿಗೆ ಬರಿಗಾಲಲ್ಲೇ ಹೋಗಿಬರುವವರು. ನಮಗಿಂತ ಮಗುವೇ ಜಾಣೆ.

ಸಣ್ಣತಾಯಮ್ಮ ಅಜ್ಜಿಯ ಸೊಂಟದತ್ತ ನೋಡಿದಳು. “ಮನೆ ಬೀಗದ ಕೈ ಕೊಡಿ ಅಮ್ಮಾವ್ರೇ.”

“ಅಯ್ಯೋ, ನಾನು ಮನೆಯೊಳಗೆ ಹೇಗೆ ಹೋಗ್ಲೇ?”

“ಹೋಗ್ಬಾರ್ದು ಅಂತಾನೇ ಕೇಳ್ತಿರೋದು.”

ಸಿದ್ಧಿ ಬೀಗದ ಕೈಯನ್ನು ಮೊಳೆಗೆ ಹಾಕಿ, ಹತ್ತು ನಿಮಿಷ ಅತ್ತು, ಆಮೇಲೆ ಜೇಡಿಮಣ್ಣಿನಲ್ಲಿ ಉಂಡೆ ಕಟ್ಟತೊಡಗಿದಳು. ನಡುನಡುವೆ ಕತ್ತೆತ್ತಿ ಮೊಳೆ ನೋಡುವಳು. ನಾಲ್ಕು ದಿನ ನಾನು ನೆಮ್ಮದಿಯಾಗಿದ್ದೆ.

ಐದನೆಯ ದಿನ ರತ್ನಪ್ರಭಾ ಗೇಟಿನಲ್ಲೇ ನನ್ನನ್ನು ಹಿಡಿದರು. “ಟೀಚರೇ, ನಾಲ್ಕು ದಿನದಿಂದ ಜಗಲಿ ಮೇಲೆ ಕೂತಿದ್ದೀನಿ. ಅಡಿಗೆ ಇಲ್ಲ, ಬಟ್ಟೆ ಒಗೆದಿಲ್ಲ. ಬಸದಿ ನೋಡೋಕೆ ಬಂದೋರು ನನ್ನ ಫೋಟೋ ತಕ್ಕೊಂಡು ಹೋಗ್ತಿದಾರೆ!”

ಆ ಹೊತ್ತಿಗೆ ಇಂದ್ರೇಶ ಅನ್ನುವ ಹುಡುಗ ನನ್ನ ಸೆರಗಿಗೆ ಮೂಗು ಒರೆಸುತ್ತಿದ್ದ, ಮೊಬೈಲಿನಲ್ಲಿ ಹಾಜರಿ ಹತ್ತುತ್ತಿರಲಿಲ್ಲ, ಹೆಡ್‌ಮಾಸ್ಟರು ಕೂಗುತ್ತಿದ್ದರು. “ಅದೇ ರಿಂಗಿಗೆ ಯಾವುದಾದ್ರೂ ಹಳೇ ಬೀಗದ ಕೈ ಹಾಕಿ ಕೊಟ್ಬಿಡಿ ಅಜ್ಜಿ. ಮಗೂಗೆ ಏನು ಗೊತ್ತಾಗತ್ತೆ?” ಅಂದೆ.

ಎರಡು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ. ಮೂರನೆಯ ದಿನ ಸಿದ್ಧಿ ಅಳಲಿಲ್ಲ. ಅಜ್ಜಿಯ ಕೈ ಬಿಟ್ಟು, ಹಿಂದಕ್ಕೆ ತಿರುಗಿಯೂ ನೋಡದೆ ಒಳಗೆ ಬಂದು ಚಾಪೆಯ ಮೇಲೆ ಕೂತಳು. ಸದ್ಯ ಒಂದು ಮುಗಿಯಿತು ಅಂತ ಖುಷಿಪಟ್ಟು, ಅವಳ ಹೆಸರಿನ ಮುಂದೆ ‘ಶಾಲೆಗೆ ಹೊಂದಿಕೊಂಡಿದ್ದಾಳೆ’ ಎಂದು ಬರೆದೆ.

“ಮಿಸ್ಸೇ, ಮೊಳೆ ಖಾಲಿ ಐತೆ,” ಅಂದಳು ಸಣ್ಣತಾಯಮ್ಮ.

ಬೀಗದ ಕೈ ಕಸದ ಬುಟ್ಟಿಯಲ್ಲಿತ್ತು.

ಮಧ್ಯಾಹ್ನ ಅಜ್ಜಿ ಬಂದಾಗ ವಿಷಯ ಹೊರಗೆ ಬಂತು. ಹಿಂದಿನ ದಿನ ಮನೆಗೆ ಹೋದಾಗ ಸಿದ್ಧಿ ಬಾಗಿಲನ್ನು ತಾನೇ ತೆಗೆಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅಜ್ಜಿ ಎತ್ತಿ ಹಿಡಿದುಕೊಂಡಿದ್ದಾರೆ. ಮೊಳೆಯಿಂದ ತಂದ ಕೈಯನ್ನು ಬೀಗಕ್ಕೆ ಹಾಕಿ ಎಷ್ಟು ತಿರುಗಿಸಿದರೂ ತಿರುಗಿಲ್ಲ. ಕೊನೆಗೆ ಅಜ್ಜಿ ತಮ್ಮ ಸೊಂಟದಿಂದ ನಿಜವಾದ ಬೀಗದ ಕೈ ತೆಗೆದು ಬಾಗಿಲು ತೆಗೆದರಂತೆ. ಸಿದ್ಧಿ ಏನೂ ಕೇಳಲಿಲ್ಲವಂತೆ.

“ಟೀಚರೇ ಹೇಳಿಕೊಟ್ಟಿದ್ದು,” ಎಂದು ರತ್ನಪ್ರಭಾ ನನ್ನತ್ತ ಬೆರಳು ತೋರಿಸಿದರು.

ಸಣ್ಣತಾಯಮ್ಮ ಅಷ್ಟು ಜನರ ಎದುರಿಗೇ ಕೂಗಾಡಿಬಿಟ್ಟಳು. “ಹೊಂದ್ಕೊಂಡೈತಾ? ಏನ್ ಬರೆದ್ರಿ ಮಿಸ್ಸೇ ನೀವು? ಇನ್ನು ಯಾರೂ ಬರಲ್ಲ ಅಂತ ತೀರ್ಮಾನ ಮಾಡ್ಕೊಂಡು ಕೂತೈತೆ ಅದು! ನನ್ ಮಗ ಕೂತಿದ್ನಲ್ಲ, ಹಂಗೇ!”

“ಇಪ್ಪತ್ತೆರಡು ಮಕ್ಕಳನ್ನ ನೋಡ್ಕೊಳ್ಳೋಳು ನಾನು! ಒಂದು ಬೀಗದ ಕೈಗೆ ಇಷ್ಟು ರಂಪಾನಾ?” ಎಂದು ನಾನೂ ಕೂಗಿದೆ. ಚಾಪೆಯ ಮೇಲೆ ಸಿದ್ಧಿ ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದಳು.

ಅವತ್ತು ಸಣ್ಣತಾಯಮ್ಮ ಕೈಲಿದ್ದ ಕೆಲಸ ಅಲ್ಲೇ ಬಿಟ್ಟು ಅಜ್ಜಿ ಮೊಮ್ಮಗಳ ಹಿಂದೆಯೇ ಅವರ ಮನೆಗೆ ಹೋದಳು. ಸರಿಯಾದ ಬೀಗದ ಕೈ ಇಸಕೊಂಡು, ಸಿದ್ಧಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, “ನಾನೂ ಮೋಸ ಹೋದೆ ಕಣವ್ವ. ಈಗ ನೀನೇ ಹಾಕಿ ನೋಡು,” ಅಂದಳಂತೆ. ಬಾಗಿಲು ತೆಗೆಯಿತು. ಹಾಕಿಸಿದಳು, ಮತ್ತೆ ತೆಗೆಸಿದಳು. “ಎಂಟು ಸಲ ಆಯ್ತು, ನನ್ನ ಸೊಸೆಯ ಪುಣ್ಯ, ಬೀಗ ಉಳೀತು,” ಎಂದು ರತ್ನಪ್ರಭಾ ಆಮೇಲೆ ನನ್ನ ಹತ್ತಿರ ದೂರಿದರು.

ಮಾರನೆಯ ದಿನ ಸಿದ್ಧಿ ಗೇಟಿನಲ್ಲೇ ಬಿದ್ದು ಹೊರಳಾಡಿ ಅತ್ತಳು. ನಾನು ತಲೆ ಚಚ್ಚಿಕೊಂಡೆ. ಸಣ್ಣತಾಯಮ್ಮನ ಮುಖ ಅರಳಿತ್ತು. “ಅಳ್ಲಿ ಬಿಡಿ ಮಿಸ್ಸೇ. ಬತ್ತಾರೆ ಅನ್ನೋ ಆಸೆ ಇದ್ರೇನೇ ಮಕ್ಳು ಅಳೋದು.”

ಈಗ ಜನವರಿ. ಗೋಡೆಯ ಮೊಳೆಗಳಲ್ಲಿ ಮಕ್ಕಳ ಟೋಪಿ, ಸ್ವೆಟರು. ಸಿದ್ಧಿಗೂ ಅಜ್ಜಿಯ ಬೀಗದ ಕೈ ಬೇಕಾಗಿಲ್ಲ. ಆದರೆ ನಾನು ಆಫೀಸ್ ರೂಮಿಗೆ ಹೋಗಿಬರುತ್ತೇನೆ ಅಂದರೆ ಸಾಕು, ಎದ್ದು ಬಂದು ಕೈ ಚಾಚುತ್ತಾಳೆ. ಸ್ಕೂಟಿಯ ಕೀ ಕೊಡಬೇಕು. ಕೊಟ್ಟರೂ ಆಗದು. ನನ್ನನ್ನು ಸ್ಕೂಟಿಯ ತನಕ ಎಳೆದುಕೊಂಡು ಹೋಗಿ, “ಹಾಕಿ ತೋರ್ಸು,” ಅನ್ನುತ್ತಾಳೆ. ದೀಪ ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೇ ಕೀ ಕಿತ್ತುಕೊಂಡು ಒಳಗೆ ಹೋಗುವುದು. ದಿನಕ್ಕೆ ಮೂರು ಸಲ, ನಾಲ್ಕು ಸಲ. ಬೈಯಲು ನನಗೆ ಬಾಯಿಲ್ಲ.

ಸಣ್ಣತಾಯಮ್ಮ ಮಾತ್ರ ಬರಿಗೈಯಲ್ಲಿ ಬಾಗಿಲಿಗೆ ಬಂದು, “ನೀರು ಹಿಡ್ಕೊಂಡು ಬತ್ತೀನಿ ಕಣವ್ವ,” ಅನ್ನುತ್ತಾಳೆ. ಸಿದ್ಧಿ ತಲೆ ಕೂಡ ಎತ್ತುವುದಿಲ್ಲ.